ನಂಬಿಕಸ್ಥ ಪಿಸ್ತೂಲಿನ ಪೇಟೆ: ಲಿಯೇಜ್‌ನಿಂದ ಇಷಾಪುರದವರೆಗೆ

ಸಾಧಾರಣ ಸಂಪಾದನೆಯವನು ಕೊಳ್ಳಬಹುದಾದ ಬೆಲೆಯಲ್ಲಿ, ಹೊತ್ತಿಗೆ ಕೈಕೊಡದ ಅರೆಸ್ವಯಂಚಾಲಿತ ಪಿಸ್ತೂಲು ಎಂಬ ಸರಕು ಯುರೋಪಿನ ಅಂಗಡಿಗಳಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕಟ್ಟಕಡೆಯ ವರ್ಷಗಳಲ್ಲಿ; ಅದನ್ನು ಕಳಿಸಿದ್ದು ಬೆಲ್ಜಿಯಮ್ ದೇಶದ ಲಿಯೇಜ್ ನಗರದ ಅಂಚಿಗೆ, ಮ್ಯೂಸ್ ನದಿಯ ದಡದಲ್ಲಿರುವ ಹೆರ್ಸ್ತಾಲ್ ಎಂಬ ಕಾರ್ಖಾನೆಗಳ ಊರು. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರಿ, ಹಾಗೆ ಹಾರಿದ ರಭಸದಿಂದಲೇ ಖಾಲಿ ತೋಟಾ ಹೊರಬಿದ್ದು, ಹಿಡಿಕೆಯೊಳಗಿನ ಮ್ಯಾಗಜಿನ್ ಎಂಬ ತೋಟಾಪೆಟ್ಟಿಗೆಯಿಂದ ಹೊಸ ತೋಟಾ ಮೇಲೆದ್ದು ನಳಿಗೆಯ ಹಿಂಬಾಯಿಗೆ ಬಂದು ಕೂರುವ ಏರ್ಪಾಡಿಗೆ ಅರೆಸ್ವಯಂಚಾಲಿತ ಎಂದು ಹೆಸರು. ಈ ಆಯುಧದ ಚರಿತ್ರೆಯನ್ನು ಯಂತ್ರಶಿಲ್ಪಿಗಳ ಜಾಣ್ಮೆಯ ಕಥೆಯಾಗಿ, ಇಲ್ಲವೇ ಯುದ್ಧಗಳ ಕಥೆಯಾಗಿ ಬರೆಯುವುದು ರೂಢಿಯಾಗಿದ್ದರೂ, ಕೊಳ್ಳುವವನ ಕಡೆಯಿಂದ ನೋಡಿದರೆ ಅದು ನಂಬಿಕೆಯ ವ್ಯಾಪಾರದ ಚರಿತ್ರೆ. ಅಂಗಡಿಯವನು ಮೇಜಿನ ಮೇಲಿಟ್ಟ ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನೂರನೆಯ ಗುಂಡಿಗೆ ಸಿಕ್ಕಿಕೊಂಡು ನಿಲ್ಲುತ್ತದೆಯೋ ಇಲ್ಲವೋ ಎಂದು ಹೇಳಬಲ್ಲ ಗಿರಾಕಿ ಯಾವ ಕಾಲದಲ್ಲೂ ವಿರಳ. ಅದರಲ್ಲೂ ಮೊದಲ ಸಲ ಕೊಳ್ಳುವ ಎಳೆಯ ವಯಸ್ಸಿನವನಿಗೆ ಲೋಹದ ಹೊಳಪು, ಹಿಡಿಕೆಯ ಕೆತ್ತನೆಗಳಷ್ಟೇ ಕಣ್ಣಿಗೆ ಬೀಳುತ್ತಿದ್ದವು. ಹೀಗಾಗಿ ಕೊಳ್ಳುವವನು ಎಂದೆಂದೂ ನೆಚ್ಚಿಕೊಂಡದ್ದು ಬೇರೆ ಯಾರೋ ಮಾಡಿದ ಪರೀಕ್ಷೆಯನ್ನು, ಮತ್ತು ಆ ಪರೀಕ್ಷೆ ನಿಜಕ್ಕೂ ಏನನ್ನು ಪರೀಕ್ಷಿಸಿತ್ತು ಎಂಬುದು ಅವನಿಗೆ ಬಹುಮಟ್ಟಿಗೆ ತಿಳಿದಿರುತ್ತಿರಲಿಲ್ಲ.

ತಾನೇ ತೋಟಾ ತುಂಬಿಕೊಳ್ಳುವ ಪಿಸ್ತೂಲು ಅಷ್ಟು ತಡವಾಗಿ ಹುಟ್ಟಿದ್ದಕ್ಕೆ ಕಾರಣ ಯಂತ್ರಶಿಲ್ಪಿಗಳ ಮಂದಬುದ್ಧಿಯಲ್ಲ, ಮದ್ದಿನ ಗುಣ. ಗಂಧಕ, ಇದ್ದಿಲು, ಪೆಟ್ಲುಪ್ಪುಗಳಿಂದ ಮಾಡಿದ ಹಳೆಯ ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಮಿಕ್ಕಿದ ಭಾಗ ಮಸಿಯಾಗಿ, ಗಸಿಯಾಗಿ ನಳಿಗೆಯಲ್ಲೂ ಸಂದುಗಳಲ್ಲೂ ಅಂಟಿಕೊಳ್ಳುತ್ತಿದ್ದುದರಿಂದ, ಕೂದಲೆಳೆಯ ಸಂದಿನಲ್ಲಿ ಹಿಂದೆ ಮುಂದೆ ಸರಿಯಬೇಕಾದ ಯಾವ ಭಾಗವೂ ಕೆಲವೇ ಗುಂಡುಗಳಲ್ಲಿ ಬಿಗಿದು ನಿಲ್ಲುತ್ತಿತ್ತು. ತಿರುಗುವ ಉರುಳೆಯಲ್ಲಿ ಐದೋ ಆರೋ ತೋಟಾ ಇಟ್ಟುಕೊಳ್ಳುವ ರಿವಾಲ್ವರ್, ಕೈಬಲದಿಂದಲೇ ತಿರುಗುವಂಥದ್ದಾದ್ದರಿಂದ, ಈ ಮಸಿಯನ್ನು ಹೇಗೋ ಸಹಿಸಿಕೊಂಡಿತು. 1884ರ ಹೊತ್ತಿಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ, ಅದೇ ಕಾಲದಲ್ಲಿ ಹೈರಮ್ ಮ್ಯಾಕ್ಸಿಮ್ ಗುಂಡಿನ ಹಿನ್ನೂಕನ್ನೇ ದುಡಿಸಿಕೊಳ್ಳುವ ಮೆಷಿನ್ ಗನ್ ಕಟ್ಟಿ ತೋರಿಸಿದ ಮೇಲೆ, ಆ ತತ್ತ್ವವನ್ನು ಅಂಗೈಯಳತೆಗೆ ಇಳಿಸುವ ಪೈಪೋಟಿ ಮೊದಲಾಯಿತು. 1893ರ ಬೋರ್ಕಾರ್ಟ್ ಪಿಸ್ತೂಲು ಮತ್ತು 1896ರ ಮೌಸರ್ ಪಿಸ್ತೂಲು ಇವುಗಳಲ್ಲಿ ಮೊದಲು ಪೇಟೆಗೆ ಬಂದವು. ಎರಡೂ ಕೆಲಸ ಮಾಡುತ್ತಿದ್ದವು, ಎರಡೂ ದೊಡ್ಡವು, ಎರಡೂ ಉಕ್ಕಿನ ಗಟ್ಟಿಯನ್ನು ಗಂಟೆಗಟ್ಟಲೆ ಕಡೆದು ಮಾಡಿದಂಥವು. ಶಿಕಾರಿಗೆ ಹೋಗುವ ಶ್ರೀಮಂತ, ಆಫ್ರಿಕಕ್ಕೆ ಹೊರಟ ಅಧಿಕಾರಿ ಇವುಗಳ ಗಿರಾಕಿಗಳಾಗಿದ್ದರೇ ಹೊರತು ಅಂಚೆ ಕಚೇರಿಯ ಗುಮಾಸ್ತನಲ್ಲ.

ಗುಮಾಸ್ತನಿಗಾಗಿ ಲಿಯೇಜ್ ನಗರ ಬಹಳ ಹಿಂದಿನಿಂದಲೂ ಅಗ್ಗದ ರಿವಾಲ್ವರುಗಳನ್ನು ಮಾಡುತ್ತಿತ್ತು. ಅಲ್ಲಿಯ ಬಂದೂಕಿನ ಕಸುಬು ಕಾರ್ಖಾನೆಯ ಕಸುಬಾಗಿರದೆ ಮನೆಮನೆಯ ಕಸುಬಾಗಿತ್ತು: ನಳಿಗೆ ಮಾಡುವವನ ಮನೆ ವೆಸ್ದ್ರ್ ಕಣಿವೆಯಲ್ಲಿ, ಕೀಲು ಅರೆಯುವವನದು ಮತ್ತೊಂದು ಹಳ್ಳಿಯಲ್ಲಿ, ಹಿಡಿಕೆ ಕೂರಿಸುವವನದು, ಕೆತ್ತನೆಯವನದು ಬೇರೆ ಬೇರೆ ಓಣಿಗಳಲ್ಲಿ, 'ತಯಾರಕ' ಎಂದು ಬೋರ್ಡು ಹಾಕಿಕೊಂಡ ಸಾಹುಕಾರ ಈ ಭಾಗಗಳನ್ನು ಸುತ್ತಿಸಿ ತರಿಸಿ, ಕೂಡಿಸಿ, ಹೆಸರು ಹಾಕಿ ಮಾರುತ್ತಿದ್ದ. ಭಾಗಗಳು ಅರದ ಉಜ್ಜುವಿಕೆಯಿಂದ ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದವಾಗಿ, ಒಂದು ರಿವಾಲ್ವರಿನ ಕೀಲು ಅದೇ ಸಾಹುಕಾರನ ಇನ್ನೊಂದು ರಿವಾಲ್ವರಿಗೆ ಕೂರುತ್ತದೆಂಬ ಖಾತ್ರಿ ಇರಲಿಲ್ಲ. ಇಂಗ್ಲೆಂಡಿನ ವೆಬ್ಲಿ ಕಂಪನಿಯ ಬುಲ್‌ಡಾಗ್ ಎಂಬ ಗಿಡ್ಡ ರಿವಾಲ್ವರಿನ ನಕಲುಗಳು ಇಲ್ಲಿಂದ ರಾಶಿ ರಾಶಿಯಾಗಿ ಹೊರಟವು. 1890ರ ದಶಕದಲ್ಲಿ ಸೈಕಲ್ಲಿನ ಹುಚ್ಚು ಯುರೋಪಿನ ತರುಣರಿಗೆ ಹಿಡಿದಾಗ, ಬೆನ್ನಟ್ಟಿ ಬರುವ ನಾಯಿಗಳಿಂದ ಸವಾರರನ್ನು ಕಾಪಾಡಲೆಂದೇ ಪ್ಯಾರಿಸ್ಸಿನ ಗಲಾನ್ ಎಂಬ ತಯಾರಕ ರೂಪಿಸಿದ ವೆಲೋಡಾಗ್ ಎಂಬ ಪುಟ್ಟ ರಿವಾಲ್ವರಿಗೂ ಲಿಯೇಜ್‌ನಲ್ಲಿ ನಕಲುಗಳು ಹುಟ್ಟಿದವು. ಸೈಕಲ್ ಸವಾರಿಗೆ ಹೊರಟ ಇಪ್ಪತ್ತರ ಹುಡುಗ ಟೋಪಿ, ಗಾಳಿಪಂಪುಗಳ ಜೊತೆಗೆ ರಿವಾಲ್ವರನ್ನೂ ಕೊಳ್ಳುವುದು ಆ ಕಾಲಕ್ಕೆ ಯಾರನ್ನೂ ಬೆಚ್ಚಿಬೀಳಿಸದ ಸಂಗತಿಯಾಗಿತ್ತು ಎಂಬುದನ್ನು ಇಂದಿನ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂಥ ಕೊಳ್ಳುವವನು ನೆಚ್ಚಬಹುದಾಗಿದ್ದ ಒಂದೇ ಗುರುತೆಂದರೆ ಲಿಯೇಜ್ ಪರೀಕ್ಷಾಗೃಹದ ಮುದ್ರೆ. 1672ರಲ್ಲಿ ಅಲ್ಲಿಯ ರಾಜ-ಬಿಷಪ್ ಮ್ಯಾಕ್ಸಿಮಿಲಿಯನ್ ಹೆನ್ರಿಯ ಆಜ್ಞೆಯಿಂದ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರತಿ ನಳಿಗೆಗೂ ಮಾಮೂಲಿಗಿಂತ ಹೆಚ್ಚು ಮದ್ದು ಹಾಕಿ ಹಾರಿಸಿ, ಸಿಡಿಯದೆ ಉಳಿದದ್ದಕ್ಕೆ ನಗರದ ಲಾಂಛನವಾದ ಪೆರೋನ್ ಎಂಬ ಸ್ತಂಭದ ಚಿತ್ರವನ್ನು, ಮುಂದೆ ಅಂಡಾಕಾರದೊಳಗಿನ ಇ.ಎಲ್.ಜಿ. ಎಂಬ ಅಕ್ಷರಗಳನ್ನು ಒತ್ತುತ್ತಿದ್ದರು. ಭಾರತದ ಹಳೆಯ ಮನೆತನಗಳಲ್ಲಿ ಉಳಿದಿರುವ ಬೆಲ್ಜಿಯಮ್ ಕೋವಿಗಳ ನಳಿಗೆಯ ಮೇಲೂ ಈ ಅಂಡಾಕಾರದ ಮುದ್ರೆಯನ್ನು ಕಾಣಬಹುದು. ಮುದ್ರೆಯ ಬೆಲೆ ದೊಡ್ಡದು, ಆದರೆ ಅದು ಕೊಡುತ್ತಿದ್ದ ಭರವಸೆ ಒಂದೇ: ಈ ನಳಿಗೆ ಹಿಡಿದವನ ಕೈಯಲ್ಲಿ ಒಡೆಯುವುದಿಲ್ಲ. ಸ್ಪ್ರಿಂಗು ಎಷ್ಟು ಕಾಲ ಬಾಳುತ್ತದೆ, ಉರುಳೆ ಸರಿಯಾಗಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗಳು ಪರೀಕ್ಷಾಗೃಹದ ವ್ಯಾಪ್ತಿಗೇ ಬರುತ್ತಿರಲಿಲ್ಲ. ರಿವಾಲ್ವರಿನ ಮಟ್ಟಿಗೆ ಇಷ್ಟು ಸಾಕಾಗಿತ್ತು, ಏಕೆಂದರೆ ಒಂದು ತೋಟಾ ಹುಸಿಯಾದರೆ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತಿತ್ತು. ಮದ್ದು, ತೋಟಾ, ಮ್ಯಾಗಜಿನ್, ಸ್ಪ್ರಿಂಗುಗಳೆಲ್ಲ ಒಂದರ ಹೆಗಲ ಮೇಲೊಂದು ಕೈಯಿಟ್ಟು ನಡೆಯಬೇಕಾದ ಹೊಸ ಬಗೆಯ ಪಿಸ್ತೂಲಿಗೆ ಇಷ್ಟು ಸಾಲದಾಯಿತು.

ಹೆರ್ಸ್ತಾಲಿನ 'ಫ್ಯಾಬ್ರಿಕ್ ನಾಸ್ಯೊನಾಲ್', ಜನರ ಬಾಯಲ್ಲಿ ಎಫ್.ಎನ್., ಈ ಮನೆಕಸುಬಿನ ನಡುವೆ ಎದ್ದ ಬೇರೆಯೇ ಜಾತಿಯ ಸಂಸ್ಥೆ. ಬೆಲ್ಜಿಯಮ್ ಸರ್ಕಾರ ಬೇಡಿದ 1,50,000 ಮೌಸರ್ ರೈಫಲ್‌ಗಳನ್ನು ಮಾಡಿಕೊಡಲೆಂದು ಲಿಯೇಜ್‌ನ ಸಾಹುಕಾರರು ಕೂಡಿ 1889ರಲ್ಲಿ ಕಟ್ಟಿದ ಈ ಕಾರ್ಖಾನೆಯಲ್ಲಿ ಅರದ ಬದಲು ಮಿಲ್ಲಿಂಗ್ ಯಂತ್ರಗಳು, ಅನುಭವಿಯ ಕಣ್ಣಿನ ಬದಲು ಗೇಜ್ ಎಂಬ ಅಳತೆಯಚ್ಚುಗಳು ಇದ್ದವು. ಒಂದು ಭಾಗ ಅಚ್ಚಿನೊಳಗೆ ಕೂತರೆ ಪಾಸು, ಕೂರದಿದ್ದರೆ ಗುಜರಿ. ಸರ್ಕಾರದ ಬೇಡಿಕೆ ತೀರಿದ ಮೇಲೆ, ಜರ್ಮನ್ ಕಂಪನಿಗಳ ಜೊತೆಗಿನ ತಕರಾರಿನಿಂದ ಮೌಸರ್ ರೈಫಲನ್ನು ಹೊರದೇಶಗಳಿಗೆ ಮಾರುವ ದಾರಿಯೂ ಮುಚ್ಚಿಹೋದಾಗ, ಇಷ್ಟೆಲ್ಲ ಯಂತ್ರಗಳು ಕೆಲಸವಿಲ್ಲದೆ ನಿಲ್ಲುವ ಪರಿಸ್ಥಿತಿ ಬಂತು. ಸೈಕಲ್ ತಯಾರಿಕೆಯಾದರೂ ನಡೆದೀತೇ ಎಂದು ನೋಡಿಕೊಂಡು ಬರಲು ಕಂಪನಿಯ ವ್ಯಾಪಾರ ಪ್ರತಿನಿಧಿ ಹಾರ್ಟ್ ಬರ್ಗ್ 1897ರಲ್ಲಿ ಅಮೆರಿಕಕ್ಕೆ ಹೋದ. ಸೈಕಲ್ಲಿನ ವಿಚಾರಕ್ಕೆ ಹೋದವನು ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಜಾನ್ ಮೋಸಸ್ ಬ್ರೌನಿಂಗ್‌ನನ್ನು ಕಂಡು ಅವನ ಪಿಸ್ತೂಲಿನ ಮಾದರಿಯೊಂದಿಗೆ ಹಿಂದಿರುಗಿದ. ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ 1855ರಲ್ಲಿ, ಬಂದೂಕು ರಿಪೇರಿಯವನ ಮಗನಾಗಿ ಹುಟ್ಟಿದ ಬ್ರೌನಿಂಗ್ ಆ ಹೊತ್ತಿಗಾಗಲೇ ವಿಂಚೆಸ್ಟರ್ ಕಂಪನಿಗೆ ಹಲವು ಬಂದೂಕುಗಳನ್ನು ರೂಪಿಸಿಕೊಟ್ಟು ಹೆಸರಾಗಿದ್ದರೂ, .32 ಅಂಗುಲದ ಈ ಪುಟ್ಟ ಪಿಸ್ತೂಲು ಅಮೆರಿಕದ ಕೋಲ್ಟ್ ಕಂಪನಿಗೆ ಆಗಿನ್ನೂ ರುಚಿಸಿರಲಿಲ್ಲ. ಹೆರ್ಸ್ತಾಲಿನಲ್ಲಿ ಆ ಮಾದರಿಯಿಂದ 500 ಗುಂಡುಗಳನ್ನು ಹಾರಿಸಿದಾಗ ಒಂದೂ ಸಿಕ್ಕಿಕೊಳ್ಳಲಿಲ್ಲ. 1897ರ ಜುಲೈ 17ರಂದು ಕರಾರಿಗೆ ಸಹಿ ಬಿತ್ತು. ಪಿಸ್ತೂಲಿನ ಪೇಟೆಯಲ್ಲಿ ಸಿಡಿಯದಿರುವುದರ ಬದಲು ನಿಲ್ಲದೆ ನಡೆಯುವುದೇ ಪರೀಕ್ಷೆಯ ವಿಷಯವಾದದ್ದು ಇಲ್ಲಿಂದ ಎಂದರೆ ತಪ್ಪಾಗಲಾರದು.

1899ರಲ್ಲಿ ತಯಾರಿಕೆ ಆರಂಭವಾಗಿ, 1900ರಲ್ಲಿ ಬೆಲ್ಜಿಯಮ್ ಸೈನ್ಯ ಒಪ್ಪಿಕೊಂಡ ಕಾರಣಕ್ಕೆ '1900ರ ಮಾದರಿ' ಎಂದೇ ಕರೆಯಲ್ಪಡುವ ಈ ಪಿಸ್ತೂಲನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಮಿತವ್ಯಯ ಅರ್ಥವಾಗುತ್ತದೆ. ಉದ್ದ 17 ಸೆಂಟಿಮೀಟರು ಚಿಲ್ಲರೆ, ತೂಕ 625 ಗ್ರಾಂ, ಮ್ಯಾಗಜಿನ್ನಿನಲ್ಲಿ ಏಳು ತೋಟಾ. ನಳಿಗೆಯ ಮೇಲುಗಡೆ ಮತ್ತೊಂದು ನಳಿಗೆಯಂತೆ ಕಾಣುವ ಕೊಳವೆಯಲ್ಲಿ ಸ್ಪ್ರಿಂಗು ಮಲಗಿದೆ. ಹಿಂದಕ್ಕೆ ಸರಿದ ಸ್ಲೈಡ್ ಎಂಬ ಜಾರುವ ಭಾಗವನ್ನು ಮತ್ತೆ ಮುಂದಕ್ಕೆ ತಳ್ಳುವ ಈ ಸ್ಪ್ರಿಂಗೇ ಒಂದು ಸನ್ನೆಯ ಮೂಲಕ ತೋಟಾಕ್ಕೆ ಕಿಡಿ ಹೊಡೆಯುವ ಮೊಳೆಯನ್ನೂ ಚಿಮ್ಮಿಸುತ್ತದೆ, ಎಂದರೆ ಎರಡು ಸ್ಪ್ರಿಂಗುಗಳ ಕೆಲಸವನ್ನು ಒಂದೇ ಮಾಡುತ್ತದೆ. ಎಡಬದಿಯ ಸುರಕ್ಷೆಯ ಕೀಲಿನ ಬಳಿ ಒಂದು ತುದಿಗೆ 'ಬೆಂಕಿ' ಎಂದು, ಇನ್ನೊಂದಕ್ಕೆ 'ಭದ್ರ' ಎಂದು ಫ್ರೆಂಚಿನಲ್ಲಿ ಬರೆದಿದೆ. ಹಿಡಿಕೆಯ ಹಲಗೆಯ ಮೇಲೆ ಅದೇ ಪಿಸ್ತೂಲಿನ ಪುಟ್ಟ ಚಿತ್ರವನ್ನು ಕೆತ್ತಿದ್ದಾರೆ. ಮೌಸರ್‌ನಲ್ಲಿದ್ದಂತೆ ನಳಿಗೆಯನ್ನು ಕ್ಷಣಕಾಲ ಬಿಗಿದು ಹಿಡಿಯುವ ಬೀಗದ ಏರ್ಪಾಡು ಇಲ್ಲಿ ಇಲ್ಲವೇ ಇಲ್ಲ. ಬ್ರೌನಿಂಗ್ ತಾನೇ ಹೊಂದಿಸಿದ 7.65 ಮಿಲಿಮೀಟರಿನ ತೋಟಾದ ಶಕ್ತಿ ಸಾಕಷ್ಟು ಮಿತವಾದದ್ದಾದ್ದರಿಂದ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗುವೇ ಗುಂಡು ನಳಿಗೆ ದಾಟುವವರೆಗೆ ಹಿಂಬಾಯಿಯನ್ನು ಮುಚ್ಚಿ ಹಿಡಿಯುತ್ತಿದ್ದವು. ಬೆಲೆ ಇಳಿದದ್ದೂ ನಂಬಿಕೆ ಏರಿದ್ದೂ ಈ ಒಂದೇ ತೀರ್ಮಾನದಿಂದ: ಭಾಗಗಳು ಕಡಿಮೆಯಾದಷ್ಟೂ ಯಂತ್ರದ ಗಂಟೆಗಳು ಉಳಿಯುತ್ತವೆ, ಕೆಡುವ ಜಾಗಗಳೂ ಕಡಿಮೆಯಾಗುತ್ತವೆ. ಅಗ್ಗ ಮತ್ತು ಗಟ್ಟಿ ಎಂಬವು ಸಾಮಾನ್ಯವಾಗಿ ಪರಸ್ಪರ ಜಗಳವಾಡುವ ಗುಣಗಳಾದ್ದರಿಂದ ಇದು ಸಣ್ಣ ಸಾಧನೆಯಲ್ಲ.

ಮಾರಾಟ ಕಾರ್ಖಾನೆಯ ಎಣಿಕೆಯನ್ನು ಮೀರಿತು. ಈ ಒಂದೇ ಮಾದರಿಯಲ್ಲಿ ಏಳು ಲಕ್ಷದಷ್ಟು ಪಿಸ್ತೂಲುಗಳು ತಯಾರಾದವು. 1903, 1906, 1910ರ ಮಾದರಿಗಳನ್ನೂ ಸೇರಿಸಿ ಹತ್ತು ಲಕ್ಷ ದಾಟಿದ್ದರ ಗೌರವಾರ್ಥ 1914ರಲ್ಲಿ ಲಿಯೇಜ್‌ನಲ್ಲಿ ಔತಣವೇರ್ಪಟ್ಟು ಬ್ರೌನಿಂಗ್‌ಗೆ ಬೆಲ್ಜಿಯಮ್ ದೊರೆಯಿಂದ ಲಿಯೊಪೋಲ್ಡ್ ಪದವಿ ದೊರೆಯಿತು. ಕೋಟಿನ ಜೇಬಿಗೆ ಇಳಿಯುವ, ಸಿಕ್ಕಿಕೊಳ್ಳದ, ಕೈಗೆಟಕುವ ಬೆಲೆಯ ಆಯುಧ ಗುಮಾಸ್ತನಿಗೆ ಹಿಡಿಸಿದಂತೆಯೇ ರಾಜಕೀಯ ಹಂತಕರಿಗೂ ಹಿಡಿಸಿತು. 1904ರಲ್ಲಿ ಹೆಲ್ಸಿಂಕಿಯಲ್ಲಿ ರಷ್ಯದ ಗವರ್ನರ್ ಜನರಲ್ ಬೊಬ್ರಿಕೋವ್, 1909ರಲ್ಲಿ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಇತೋ ಹಿರೋಬುಮಿ ಸತ್ತದ್ದು 1900ರ ಮಾದರಿಯಿಂದ. 1914ರಲ್ಲಿ ಸರಾಯೆವೊದಲ್ಲಿ ಹತ್ತೊಂಬತ್ತು ವರ್ಷದ ಗವ್ರಿಲೊ ಪ್ರಿಂಸಿಪ್‌ನ ಕೈಯಲ್ಲಿದ್ದದ್ದು 1910ರ ಮಾದರಿ. ಭಾರತದ ಪಾಲೂ ಇದರಲ್ಲಿದೆ. ಲಂಡನ್ನಿನಲ್ಲಿದ್ದ ವಿನಾಯಕ ದಾಮೋದರ ಸಾವರ್ಕರ್ 1909ರಲ್ಲಿ ಇಪ್ಪತ್ತು ಬ್ರೌನಿಂಗ್ ಪಿಸ್ತೂಲುಗಳನ್ನು ಕಳ್ಳತಳದ ಪೆಟ್ಟಿಗೆಯಲ್ಲಿಟ್ಟು ಮುಂಬಯಿಗೆ ಕಳಿಸಿಕೊಟ್ಟರು. ಅದೇ ವರ್ಷ ಡಿಸೆಂಬರ್ 21ರಂದು ನಾಶಿಕದ ನಾಟಕಶಾಲೆಯಲ್ಲಿ ಕಲೆಕ್ಟರ್ ಜಾಕ್ಸನ್‌ನನ್ನು ಹದಿಹರೆಯ ದಾಟದ ಅನಂತ ಕಾನ್ಹೇರೆ ಕೊಂದದ್ದು ಅವುಗಳಲ್ಲೊಂದರಿಂದ. ಐದು ವರ್ಷಗಳ ತರುವಾಯ, 1914ರ ಆಗಸ್ಟ್ 26ರಂದು, ಕಲಕತ್ತೆಯ ರೊಡ್ಡಾ ಕಂಪನಿಗೆ ಹಡಗಿನಲ್ಲಿ ಬಂದಿದ್ದ ಸರಕಿನಲ್ಲಿ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಬಂಗಾಳದ ಕ್ರಾಂತಿಕಾರಿಗಳು ಹಾಡುಹಗಲೇ ಸಾಗಿಸಿಕೊಂಡು ಹೋದರು. ಪಿಸ್ತೂಲನ್ನು ಕುರಿತ ವಸಾಹತು ಸರ್ಕಾರದ ಭೀತಿ ಗಟ್ಟಿಯಾದದ್ದು ಇಂಥ ಘಟನೆಗಳಿಂದ.

ಹೆರ್ಸ್ತಾಲಿನ ಗೆಲುವು ಯಾವುದರಿಂದ ಬಂತೆಂಬುದು ಅದರ ನಕಲುಗಳ ಸೋಲಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸ್ಪೇನ್ ದೇಶದ ಬಾಸ್ಕ್ ಸೀಮೆಯಲ್ಲಿ, ಇಕ್ಕಟ್ಟಾದ ಕಣಿವೆಯೊಂದರಲ್ಲಿ ಐಬಾರ್ ಎಂಬ ಊರಿದೆ. ಮನೆಯ ಕೆಳಗಿನ ಅಂತಸ್ತಿನಲ್ಲಿ ಸಾಣೆ, ಮೇಲಿನದರಲ್ಲಿ ಸಂಸಾರ ಎಂಬ ರೀತಿಯಲ್ಲಿ ಬಂದೂಕಿನ ಕಸುಬನ್ನೇ ನಂಬಿ ಬಾಳಿದ ಆ ಊರಿನ ಗಾಬಿಲೊಂದೊ ಎಂಬ ಸಂಸ್ಥೆ ಬ್ರೌನಿಂಗ್‌ನ 1903ರ ಮಾದರಿಯನ್ನು ಅನುಸರಿಸಿ ಒಂಬತ್ತು ತೋಟಾ ಹಿಡಿಯುವ 'ರೂಬಿ' ಎಂಬ ಅಗ್ಗದ ಪಿಸ್ತೂಲನ್ನು ಮಾಡಿತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೈಬಂದೂಕುಗಳ ಬರ ಬಿದ್ದ ಫ್ರಾನ್ಸ್ ದೇಶ 1915ರಲ್ಲಿ ತಿಂಗಳಿಗೆ 10,000ದಂತೆ ಇವನ್ನು ಬೇಡಿತು, ಕೆಲವೇ ತಿಂಗಳಲ್ಲಿ ಆ ಬೇಡಿಕೆ 30,000ಕ್ಕೇರಿತು. ಒಂದು ಸಂಸ್ಥೆಯಿಂದ ಆಗುವ ಕೆಲಸ ಅದಲ್ಲವಾಗಿ, ಗಾಬಿಲೊಂದೊ ನೆರೆಯ ಸಾಣೆಮನೆಗಳಿಗೆ ಕೆಲಸ ಹಂಚಿತು, ಆಮೇಲೆ ಆ ಸಾಣೆಮನೆಗಳೂ ಅವುಗಳ ನೆಂಟರಿಷ್ಟರೂ ಫ್ರೆಂಚರಿಗೆ ನೇರವಾಗಿ ಮಾರತೊಡಗಿದರು. ಎಲ್ಲವೂ ನೋಡಲು ಒಂದೇ ರೂಬಿ. ಒಂದರ ಮ್ಯಾಗಜಿನ್ ಇನ್ನೊಂದರ ಹಿಡಿಕೆಯೊಳಗೆ ಇಳಿಯದು, ಇಳಿದರೂ ತೋಟಾವನ್ನು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸದು. ಯಾವ ಮ್ಯಾಗಜಿನ್ ಯಾವ ಪಿಸ್ತೂಲಿನದೆಂದು ಗುರುತಿಸಲು ಪ್ರತಿ ತಯಾರಕನ ಎರಡೆರಡು ಅಕ್ಷರಗಳನ್ನು ಚೌಕಟ್ಟಿನ ಮೇಲೂ ಮ್ಯಾಗಜಿನ್ನಿನ ತಳದ ಮೇಲೂ ಒತ್ತಬೇಕಾಗಿ ಬಂತು. ಕೆಸರಿನ ಕಂದಕದಲ್ಲಿ, ಕತ್ತಲಲ್ಲಿ ಬಿದ್ದ ಮ್ಯಾಗಜಿನ್ನನ್ನು ತಡಕಾಡಿ ಎತ್ತಿಕೊಂಡ ಸಿಪಾಯಿಗೆ ಆ ಅಕ್ಷರಗಳಿಂದ ಎಷ್ಟು ಉಪಯೋಗವಾಯಿತೆಂದು ಊಹಿಸಬಹುದು. ಚರ್ಮದ ಚೀಲಕ್ಕೆ ತುರುಕುವಾಗ ಸುರಕ್ಷೆಯ ಕೀಲು ತಾನೇ ಕೆಳಜಾರುವ ಅಪಾಯವೂ ಕಂಡುಬಂದು, ಅದನ್ನು ತಡೆಯಲು ಸ್ಲೈಡಿನ ಮೇಲೆ ದಪ್ಪನೆಯ ಗುಬುಟೊಂದನ್ನು ಕೂರಿಸಲಾಯಿತು.

ಪಿಸ್ತೂಲು ಕೆಡುವುದು ಹೆಚ್ಚಾಗಿ ಎಲ್ಲಿ ಎಂಬುದನ್ನು ರೂಬಿಯ ಪ್ರಸಂಗ ತೋರಿಸಿಕೊಡುತ್ತದೆ. ಗಿರಾಕಿ ನೋಡುವುದು ನಳಿಗೆಯನ್ನು, ಪರೀಕ್ಷಾಗೃಹ ನೋಡುವುದೂ ನಳಿಗೆಯನ್ನೇ. ಕೆಡುವುದು ಮಾತ್ರ ತಗಡು ಮಡಿಸಿ ಮಾಡಿದ ಮ್ಯಾಗಜಿನ್ನಿನ ತುಟಿಗಳಲ್ಲಿ. ತೋಟಾವನ್ನು ಹಿಡಿದು ಬಿಡುವ ಆ ಎರಡು ಮಡಿಕೆಗಳು ಚೂರು ಅಗಲವಾದರೆ ತೋಟಾ ಮುಂಚೆಯೇ ಜಿಗಿಯುತ್ತದೆ, ಚೂರು ಬಿಗಿಯಾದರೆ ಬಿಡುವುದಿಲ್ಲ. ಯಾವ ಕೆತ್ತನೆಯೂ ಹೊಳಪೂ ಇದನ್ನು ಸರಿಪಡಿಸಲಾರವು. ಒಂದೇ ಉಕ್ಕಿನ ತಗಡು, ಒಂದೇ ಅಚ್ಚು, ಸಾವಿರ ಸಲವೂ ಒಂದೇ ಅಳತೆ ಎಂಬ ಬೇಸರದ ಶಿಸ್ತು ಮಾತ್ರ ಸರಿಪಡಿಸಬಲ್ಲದು. ಐಬಾರಿನ ಕುಶಲಿಗಳು ಹೆರ್ಸ್ತಾಲಿನ ಕಾರ್ಮಿಕರಿಗಿಂತ ಕೈಚಳಕದಲ್ಲಿ ಯಾವ ರೀತಿಯಲ್ಲೂ ಕಡಿಮೆಯವರಲ್ಲ, ಬಹುಶಃ ಮೇಲೆಯೇ. ಈ ಸರಕಿಗೆ ಬೇಕಾಗಿದ್ದದ್ದು ಕೈಚಳಕವಲ್ಲ. ಯುದ್ಧ ಮುಗಿದ ಮೇಲೆ ಹೆಸರು ಕೆಟ್ಟ ಐಬಾರ್ ನಿಧಾನವಾಗಿ ಪಾಠ ಕಲಿತು, ಗಾಬಿಲೊಂದೊ ಸಂಸ್ಥೆ 'ಯಾಮಾ' ಎಂಬ ಹೆಸರಿನಲ್ಲಿ, ಅದೇ ಸೀಮೆಯ ಉನ್ಸೆತಾ ಸಂಸ್ಥೆ 'ಆಸ್ಟ್ರಾ' ಎಂಬ ಹೆಸರಿನಲ್ಲಿ ಗಟ್ಟಿ ಪಿಸ್ತೂಲುಗಳನ್ನೇ ಮಾರತೊಡಗಿದವು.

ಅಲ್ಲಿಂದಾಚೆಗೆ ಮಧ್ಯಮ ಬೆಲೆಯ ಗಿರಾಕಿ ನಂಬತೊಡಗಿದ್ದು ಸೈನ್ಯಗಳ ಪರೀಕ್ಷೆಯನ್ನು. ಅಮೆರಿಕದ ಸೈನ್ಯ ಯುದ್ಧಕ್ಕೂ ಮುಂಚೆಯೇ, 1911ರ ಮಾರ್ಚಿನಲ್ಲಿ, ಬ್ರೌನಿಂಗ್‌ನದೇ ರಚನೆಯಾದ .45 ಅಂಗುಲದ ಕೋಲ್ಟ್ ಪಿಸ್ತೂಲಿನಿಂದ 6,000 ಗುಂಡುಗಳನ್ನು, ಕಾದಾಗ ನೀರಿಗದ್ದಿ ತಣಿಸುತ್ತಾ, ಹಾರಿಸಿ ನೋಡಿತು. ಕೋಲ್ಟ್ ಒಮ್ಮೆಯೂ ನಿಲ್ಲಲಿಲ್ಲ, ಎದುರಾಳಿಯಾದ ಸ್ಯಾವೇಜ್ ಹಲವು ಸಲ ನಿಂತಿತು. ಎಪ್ಪತ್ತು ವರ್ಷಗಳ ತರುವಾಯ ಆಸ್ಟ್ರಿಯದ ಸೈನ್ಯ ಹೊಸ ಪಿಸ್ತೂಲಿಗಾಗಿ 17 ಷರತ್ತುಗಳನ್ನು ಹಾಕಿತು. ಮೊದಲ 10,000 ಗುಂಡುಗಳಲ್ಲಿ 20ಕ್ಕಿಂತ ಹೆಚ್ಚು ಸಲ ಕೆಡಕೂಡದು, ಭಾಗಗಳು ಅರದ ಸಹಾಯವಿಲ್ಲದೆ ಅದಲುಬದಲಾಗಬೇಕು ಎಂಬವು ಅವುಗಳಲ್ಲಿ ಸೇರಿದ್ದವು. ಅದುವರೆಗೆ ಪರದೆಕಂಬಿ, ಸೈನಿಕರ ಚಾಕು ಮುಂತಾದುವನ್ನು ಮಾಡುತ್ತಿದ್ದ ಗಾಸ್ಟನ್ ಗ್ಲಾಕ್ ಎಂಬ ತಯಾರಕ, ಪಿಸ್ತೂಲಿನ ಕಸುಬಿಗೆ ಹೊಸಬನಾಗಿದ್ದುಕೊಂಡೇ, ಪ್ಲಾಸ್ಟಿಕ್ ಜಾತಿಯ ಪಾಲಿಮರ್ ಎಂಬ ವಸ್ತುವಿನಿಂದ ಚೌಕಟ್ಟನ್ನು ಅಚ್ಚು ಹೊಯ್ದು, ಒಟ್ಟು 34 ಭಾಗಗಳಲ್ಲಿ ಇಡೀ ಪಿಸ್ತೂಲನ್ನು ಮುಗಿಸಿ 1982ರಲ್ಲಿ ಆ ಆರ್ಡರನ್ನು ಗೆದ್ದುಕೊಂಡ. ಹಿಂದಿನ ತಯಾರಕರ ಕಣ್ಣಿಗೆ ಅದು ಆಟಿಕೆಯಂತೆ ಕಂಡಿತು. ಭಾಗ ಕಡಿಮೆ ಮಾಡಿ ಬೆಲೆ ಇಳಿಸಿ ನಂಬಿಕೆ ಏರಿಸುವ ವಿಚಾರದಲ್ಲಿ ಆತ ಮಾಡಿದ್ದು ಬ್ರೌನಿಂಗ್ 1897ರಲ್ಲಿ ಮಾಡಿದ್ದನ್ನೇ. ಚೆಕೊಸ್ಲೊವಾಕಿಯದಲ್ಲಿ ಕೌಟ್ಸ್ಕಿ ಸಹೋದರರು 1975ರಲ್ಲಿ ರೂಪಿಸಿದ ಸಿಜೆಡ್ 75 ಎಂಬ ಉಕ್ಕಿನ ಪಿಸ್ತೂಲೂ ಇದೇ ಮಧ್ಯಮ ಬೆಲೆಯ ಮೆಟ್ಟಿಲಿನಲ್ಲಿ ನಿಂತು ಬಹಳಷ್ಟು ನಕಲುಗಳಿಗೆ ತಾಯಿಯಾಯಿತು. ಅಮೆರಿಕದ ಅಂಗಡಿಗಳಲ್ಲಿ ಮೊದಲ ಪಿಸ್ತೂಲು ಕೊಳ್ಳುವ ತರುಣನ ಮುಂದೆ 1980ರ ದಶಕದಿಂದೀಚೆಗೆ ಹರಡಿಕೊಂಡವುಗಳಲ್ಲಿ ಈ ಎರಡು ವಂಶಗಳ ಸಂತಾನವೂ ಸೇರಿತ್ತು.

ಆ ತರುಣನ ವಯಸ್ಸಿನ ವಿಚಾರಕ್ಕೆ ಕಾನೂನು ಬಂದದ್ದು ಪಿಸ್ತೂಲಿನ ಬೆಲೆ ಇಳಿದ ಮೇಲೆಯೇ ಎಂಬುದು ಗಮನಿಸಬೇಕಾದ ಸಂಗತಿ. ದುಬಾರಿ ಆಯುಧಕ್ಕೆ ಬೆಲೆಯೇ ಬೇಲಿಯಾಗಿತ್ತು. ಇಂಗ್ಲೆಂಡಿನ 1903ರ ಪಿಸ್ತೂಲು ಕಾನೂನು ಒಂಬತ್ತು ಅಂಗುಲಕ್ಕಿಂತ ಗಿಡ್ಡ ನಳಿಗೆಯ ಆಯುಧವನ್ನು ಹದಿನೆಂಟು ತುಂಬದವರಿಗೂ, ಕುಡಿದು ಬಂದವರಿಗೂ, ಬುದ್ಧಿ ಸ್ತಿಮಿತವಿಲ್ಲದವರಿಗೂ ಮಾರುವುದನ್ನು ತಡೆಯಿತು. ಉಳಿದವರು ಅಂಚೆ ಕಚೇರಿಯಲ್ಲಿ ಹತ್ತು ಶಿಲ್ಲಿಂಗ್ ಕಟ್ಟಿ ಬಂದೂಕಿನ ಲೈಸೆನ್ಸು ತೆಗೆದುಕೊಂಡರೆ ಸಾಕಿತ್ತು, ಮತ್ತು ನಳಿಗೆಯನ್ನು ಅರ್ಧ ಅಂಗುಲ ಉದ್ದ ಮಾಡಿ ಕಾನೂನನ್ನು ಜಾರಿಸುವ ಉಪಾಯ ವ್ಯಾಪಾರಿಗಳಿಗೆ ಹೊಳೆಯಲು ತಡವಾಗಲಿಲ್ಲ. ಬೆಲ್ಜಿಯಮ್ ತನ್ನ ಕಸುಬಿನ ಮೇಲೆ ಬಿಗಿ ಕಾನೂನು ತಂದದ್ದು 1933ರ ಜನವರಿಯಲ್ಲಿ. ಅಮೆರಿಕದಲ್ಲಿ 1927ರಲ್ಲಿ ಸರ್ಕಾರಿ ಅಂಚೆಯ ಮೂಲಕ ಪಿಸ್ತೂಲು ಕಳಿಸುವುದು ನಿಂತಿತು, ಖಾಸಗಿ ಸಾಗಣೆಯಿಂದ ತರಿಸುವುದು ಮುಂದುವರಿಯಿತು. 1968ರ ಕಾನೂನು ಅದನ್ನೂ ನಿಲ್ಲಿಸಿ, ಲೈಸೆನ್ಸು ಪಡೆದ ವ್ಯಾಪಾರಿ ಕೈಬಂದೂಕನ್ನು 21 ತುಂಬದವರಿಗೆ ಮಾರಕೂಡದೆಂದು ಗೊತ್ತುಮಾಡಿತು.

ಭಾರತದಲ್ಲಿ ಕಾನೂನು ಕೇಳುತ್ತಿದ್ದದ್ದು ವಯಸ್ಸಿಗಿಂತ ಮೊದಲು ಜನಾಂಗವನ್ನು. ಲಾರ್ಡ್ ಲಿಟ್ಟನ್‌ನ 1878ರ ಆಯುಧ ಕಾನೂನು ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ಭಾರತೀಯರು ಲೈಸೆನ್ಸು ಪಡೆಯಬೇಕೆಂದಿತು. ಈ ಕಟ್ಟಳೆಯಿಂದ ಹೊರಗುಳಿದ ಭಾರತೀಯರಲ್ಲಿ ಕೊಡಗಿನವರು ಮುಖ್ಯರು: ಅದಕ್ಕೂ ಮುಂಚೆಯೇ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ದೊರೆತ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದು, 2019ರ ಕೇಂದ್ರ ಅಧಿಸೂಚನೆಯಿಂದ 2029ರವರೆಗೆ ವಿಸ್ತರಣೆಗೊಂಡಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಆದರೆ ಕೊಡಗಿನ ಕೋವಿಯ ಸಂಪ್ರದಾಯ ಪಿಸ್ತೂಲಿನ ಪೇಟೆಗೆ ಸಂಬಂಧಪಟ್ಟದ್ದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಕೋವಿ ಮನೆತನದ ಒಡವೆ, ಜೇಬಿನ ಆಯುಧವಲ್ಲ.

ಉಳಿದ ಭಾರತೀಯ ಗಿರಾಕಿಯ ಆಯ್ಕೆಯನ್ನು ನಿರ್ಧರಿಸಿದ್ದು ತೋಟಾದ ಅಳತೆ. ಸೈನ್ಯದ ತೋಟಾ ನಾಗರಿಕರ ಬಂದೂಕಿಗೆ ಹೊಂದಕೂಡದೆಂಬ ಬ್ರಿಟಿಷರ ಎಚ್ಚರಿಕೆ 1959ರ ಆಯುಧ ಕಾನೂನಿನಲ್ಲೂ ಅದರಡಿಯ ನಿಯಮಗಳಲ್ಲೂ 'ನಿಷೇಧಿತ ಬೋರ್' ಎಂಬ ಪರಿಕಲ್ಪನೆಯಾಗಿ ಉಳಿಯಿತು. ಬೋರ್ ಎಂದರೆ ನಳಿಗೆಯ ಒಳವ್ಯಾಸ. ಜಗತ್ತಿನ ಬೇರೆ ಪೇಟೆಗಳನ್ನೆಲ್ಲ ಆಳುವ 9 ಮಿಲಿಮೀಟರು ಇಲ್ಲಿ ನಿಷೇಧಿತವಾದ್ದರಿಂದ, ಬ್ರೌನಿಂಗ್ 1890ರ ದಶಕದಲ್ಲಿ ಹೆರ್ಸ್ತಾಲಿಗಾಗಿ ಹೊಂದಿಸಿದ 7.65 ಮಿಲಿಮೀಟರಿನ, ಎಂದರೆ .32 ಅಂಗುಲದ ತೋಟಾ, ಬೇರೆಡೆ ಹಳತಾಗಿ ಮೂಲೆ ಸೇರಿದ ಮೇಲೂ ಭಾರತದಲ್ಲಿ ನಾಗರಿಕರ ಮುಖ್ಯ ತೋಟಾವಾಗಿ ನಿಂತುಬಿಟ್ಟಿತು. ಲಂಡನ್ ಪೊಲೀಸರು 1911ರಲ್ಲಿ ಒಪ್ಪಿಕೊಂಡಿದ್ದ ವೆಬ್ಲಿ ಅಂಡ್ ಸ್ಕಾಟ್ ಪಿಸ್ತೂಲು, ಜರ್ಮನಿಯ ವಾಲ್ಥರ್, ಬೆಲ್ಜಿಯಮ್ಮಿನ ಬ್ರೌನಿಂಗ್‌ಗಳೆಲ್ಲ ಈ ಒಂದೇ ಅಳತೆಯಲ್ಲಿ ಸ್ವಾತಂತ್ರ್ಯದ ಮುಂಚೆಯೂ ಅನಂತರವೂ ಅಂಗಡಿಗಳಿಗೆ ಬಂದವು. 1980ರ ದಶಕದ ನಡುವಿನಲ್ಲಿ ನಾಗರಿಕ ಬಂದೂಕುಗಳ ಆಮದು ನಿಂತ ಮೇಲೆ ಹೊಸದು ಬರಲಿಲ್ಲ, ಹಳೆಯದು ಸವೆಯುತ್ತಾ ಹೋಯಿತು, ಬೆಲೆ ಮಾತ್ರ ಏರುತ್ತಲೇ ಇತ್ತು. ಯುರೋಪಿನಲ್ಲಿ ಸಂಗ್ರಾಹಕನೂ ಒಲ್ಲೆನೆನ್ನಬಹುದಾದ ಸವೆದ ವಾಲ್ಥರ್ ಇಲ್ಲಿ ಲಕ್ಷಗಳ ಮಾತಾಯಿತು. ಮಧ್ಯಮ ಬೆಲೆ ಎಂಬ ಮೆಟ್ಟಿಲೇ ಕುಸಿದುಬಿತ್ತು ಎನ್ನಬೇಕು.

ಆ ಮೆಟ್ಟಿಲನ್ನು ತುಂಬಲು ನೋಡಿದ್ದು ಸರ್ಕಾರದ ಕಾರ್ಖಾನೆಗಳು. ಹೂಗ್ಲಿ ನದಿಯ ದಡದ ಇಷಾಪುರದಲ್ಲಿ 1904ರಲ್ಲಿ ಸ್ಥಾಪನೆಯಾದ ರೈಫಲ್ ಕಾರ್ಖಾನೆ ಸೈನ್ಯಕ್ಕಾಗಿ ಮಾಡಿದ 9 ಮಿಲಿಮೀಟರಿನ ಪಿಸ್ತೂಲೂ ಹೆರ್ಸ್ತಾಲಿನದೇ ಸಂತತಿ: ಬ್ರೌನಿಂಗ್ ಆರಂಭಿಸಿ, 1926ರಲ್ಲಿ ಆತ ಹೆರ್ಸ್ತಾಲಿನ ಕಾರ್ಖಾನೆಯಲ್ಲೇ ಹೃದಯಾಘಾತದಿಂದ ತೀರಿಕೊಂಡ ಮೇಲೆ ದಿಯುದೊನೆ ಸೇವ್ ಎಂಬ ಬೆಲ್ಜಿಯಮ್ ಶಿಲ್ಪಿ ಮುಗಿಸಿದ 1935ರ 'ಹೈ ಪವರ್' ಮಾದರಿಯ ಅನುಸರಣೆ ಅದು. ನಾಗರಿಕರಿಗಾಗಿ ಇದೇ ಕಾರ್ಖಾನೆಗಳ ವ್ಯವಸ್ಥೆ .32 ಅಂಗುಲದ 'ಅಶನಿ' ಎಂಬ ಪಿಸ್ತೂಲನ್ನು, ಕಾನ್ಪುರದಲ್ಲಿ ಅದೇ ಅಳತೆಯ ರಿವಾಲ್ವರನ್ನು ತಯಾರಿಸಿತು. ಈ ಕಾರ್ಖಾನೆಗಳ ಆಡಳಿತ ಮಂಡಳಿ 2021ರ ಅಕ್ಟೋಬರಿನಲ್ಲಿ ವಿಸರ್ಜನೆಗೊಂಡು ಏಳು ಸರ್ಕಾರಿ ಕಂಪನಿಗಳಾದ ಮೇಲೂ ಈ ತಯಾರಿಕೆ ಮುಂದುವರಿಯಿತು. ಕೊಳ್ಳುವವನ ವಯಸ್ಸನ್ನು 1983ರ ತಿದ್ದುಪಡಿ 16ರಿಂದ 21ಕ್ಕೆ ಏರಿಸಿತ್ತು. ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. 2016ರ ನಿಯಮಗಳ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಗೂ ಪ್ರಮಾಣಪತ್ರ ಬೇಕು. ಹೀಗೆ 21 ತುಂಬಿದ ಅರ್ಜಿದಾರ ಪೊಲೀಸ್ ವರದಿ, ಜಿಲ್ಲಾಧಿಕಾರಿಯ ಲೈಸೆನ್ಸು, ತರಬೇತಿಯ ಕಾಗದಗಳೊಂದಿಗೆ ಅಂಗಡಿಗೆ ಬರುವ ಹೊತ್ತಿಗೆ, ಆತ ಯಾರು ಎಂಬ ಬಗ್ಗೆ ನಾಲ್ಕಾರು ಪರೀಕ್ಷೆಗಳು ಮುಗಿದಿರುತ್ತವೆ. ಅವನ ಮುಂದಿರುವ ಹೊಸ ಪಿಸ್ತೂಲುಗಳಾದರೋ ಕೆಲವೇ, ಅವುಗಳೊಳಗೆ ಹೋಗುವ ತೋಟಾ ಹೆಚ್ಚಾಗಿ 1899ರದು.